ಎರಡು ದಿನದಲ್ಲಿ ಬುರಿರಾಮ್‌ನ ಫನೋಮ್ ರುಂಗ್ ಶಿವ ದೇಗುಲ ನೋಡಿ ಬರಬಹುದೇ?

ಅಪ್ಪ-ಅಮ್ಮನ ಜೊತೆ ಬ್ಯಾಂಕಾಕಿಗೆ ಹೋಗುತ್ತಿದ್ದೀರಿ, ನಡುವೆ ಎರಡು ದಿನ ಬಿಡುವಿದೆ, ಎಲ್ಲರೂ ಸಸ್ಯಾಹಾರಿಗಳು, ಥಾಯ್ಲೆಂಡಿನ ಬುರಿರಾಮ್ ಪ್ರಾಂತ್ಯದ ಬೆಟ್ಟದ ಮೇಲಿನ ಶಿವ ದೇಗುಲ ನೋಡಿ ಬರಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಿ ಬನ್ನಿ. ಒಂದೇ ಮಾತು ನೆನಪಿಡಿ: ರೂಮನ್ನು ಬುರಿರಾಮ್ ಪೇಟೆಯಲ್ಲಿ ಮಾಡಬೇಡಿ, ನಾಂಗ್ ರೋಂಗ್‌ನಲ್ಲಿ ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ. ರೈಲು ಬುರಿರಾಮಿಗೆ ಹೋಗುತ್ತದೆ, ವಿಮಾನವೂ ಇದೆ ಎಂದು ಅಲ್ಲಿ ಇಳಿಯುತ್ತಾರೆ. ದೇಗುಲ ಅಲ್ಲಿಂದ ದಕ್ಷಿಣಕ್ಕೆ ಅರವತ್ತು ಕಿಲೋಮೀಟರಿಗೂ ದೂರ. ವಿಮಾನ ನಿಲ್ದಾಣವಂತೂ ಪೇಟೆಯ ಉತ್ತರಕ್ಕೆ, ಅಂದರೆ ನಿಮಗೆ ಬೇಕಾದ ದಿಕ್ಕಿಗೆ ತೀರಾ ಉಲ್ಟಾ. ರಾತ್ರಿ ರೈಲು ಹತ್ತಿದರೆ ನಸುಕಿಗೂ ಮುಂಚೆ ಕತ್ತಲಲ್ಲೇ ಇಳಿಸುತ್ತದೆ, ವಯಸ್ಸಾದವರಿಗೆ ಅದು ಕಷ್ಟ.

ನಾಂಗ್ ರೋಂಗ್ 24ನೇ ಹೆದ್ದಾರಿಯ ಮೇಲಿನ ಸಣ್ಣ ಪಟ್ಟಣ. ಬ್ಯಾಂಕಾಕಿನ ಮೊ ಚಿಟ್ ಬಸ್ ನಿಲ್ದಾಣದಿಂದ ಸುರಿನ್ ಕಡೆ ಹೋಗುವ ಬಸ್ಸುಗಳಲ್ಲಿ ಈ ಹೆದ್ದಾರಿ ಹಿಡಿಯುವುದನ್ನೇ ಕೇಳಿ ಹತ್ತಿ. ಐದಾರು ಗಂಟೆ ಹಿಡಿಯುತ್ತದೆ. ಅಲ್ಲಿಂದ ದೇಗುಲಕ್ಕೆ ಸುಮಾರು 26 ಕಿಲೋಮೀಟರ್. ಇಬ್ಬರು ಹುಡುಗರಾದರೆ ಬಸ್ಸಿನಲ್ಲಿ ಬಾನ್ ತಾಕೋ ಕ್ರಾಸಿಗೆ ಹೋಗಿ ಅಲ್ಲಿ ಬೈಕ್ ಟ್ಯಾಕ್ಸಿ ಹಿಡಿಯಿರಿ ಎನ್ನುತ್ತಿದ್ದೆ. ಅಪ್ಪ-ಅಮ್ಮ ಜೊತೆಗಿರುವಾಗ ಅದು ಬೇಡ. ಹೋಟೆಲಿನವರಿಗೆ ಹಿಂದಿನ ಸಂಜೆಯೇ ಹೇಳಿ ಡ್ರೈವರ್ ಸಮೇತ ಕಾರು ಗೊತ್ತು ಮಾಡಿ. ಆ್ಯಪ್‌ನಲ್ಲಿ ಟ್ಯಾಕ್ಸಿ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ, ಬೆಟ್ಟದ ಮೇಲಿಂದ ವಾಪಸ್ ಬರಲು ಏನೂ ಸಿಗದೆ ನಿಲ್ಲಬೇಕಾಗುತ್ತದೆ. ನೀವೇ ಬಾಡಿಗೆ ಕಾರು ಓಡಿಸುವುದಾದರೆ ರಸ್ತೆ ನಮ್ಮ ಹಾಗೆ ಎಡಬದಿಯದ್ದೇ, ಆದರೆ ಹೊರಡುವ ಮುಂಚೆ ಊರಲ್ಲೇ ಆರ್‌ಟಿಓದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ.

ಇನ್ನು ಫನೋಮ್ ರುಂಗ್. ಆರಿಹೋದ ಜ್ವಾಲಾಮುಖಿಯ ನೆತ್ತಿಯ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿ ಖ್ಮೇರರು (ಕಾಂಬೋಡಿಯಾದ ಜನ) ಕಟ್ಟಿದ ದೇಗುಲ. ಕೆಲಸ 10ರಿಂದ 13ನೇ ಶತಮಾನದವರೆಗೂ ನಡೆದಿದೆ, ಮುಖ್ಯ ಗುಡಿ 12ನೇ ಶತಮಾನದ್ದು. ಇಲ್ಲಿ ಬೇಲೂರಿನ ಕೆಲಸ ನಡೆಯುತ್ತಿದ್ದ ಕಾಲವೇ ಅದು. ಅಂಗ್ಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮನ ಬಂಧು ನರೇಂದ್ರಾದಿತ್ಯ ಇದನ್ನು ಬೆಳೆಸಿದವನು. ಇಲ್ಲಿ ನೆಲೆಸಿದ್ದವರು ಪಾಶುಪತ ಶೈವರು, ಶಿವನನ್ನು ಪಶುಪತಿಯೆಂದು ಪೂಜಿಸುವ ಹಳೆಯ ಪಂಥದವರು. ಅದೇ ಶತಮಾನದಲ್ಲಿ ನಮ್ಮ ಬಳ್ಳಿಗಾವಿಯ ಕೋಡಿಯ ಮಠದಲ್ಲಿದ್ದ ಕಾಳಾಮುಖ ಶೈವರೂ ಆ ಪರಂಪರೆಯ ಕವಲೇ ಎಂಬುದನ್ನು ನೆನಪಿಟ್ಟುಕೊಂಡು ನೋಡಿದರೆ ಈ ಜಾಗ ಪರದೇಶ ಅನ್ನಿಸುವುದಿಲ್ಲ.

ಪೂರ್ವದ ಬಾಗಿಲಿನಿಂದಲೇ ಒಳಗೆ ಹೋಗಿ. ಹಿಂಬದಿಯ ಗೇಟು ಗುಡಿಗೆ ಹತ್ತಿರ ಎಂದು ಡ್ರೈವರ್‌ಗಳು ಅಲ್ಲಿಗೆ ಬಿಡುತ್ತಾರೆ. ಮೆಟ್ಟಿಲು ಹತ್ತಲಾಗದವರಿಗೆ ಅದು ಸರಿ, ಅಪ್ಪ-ಅಮ್ಮನಿಗೆ ಮಂಡಿ ನೋವಿದ್ದರೆ ಅವರನ್ನು ಅಲ್ಲೇ ಇಳಿಸಿ. ಆದರೆ ಉಳಿದವರು ಅದನ್ನು ಹಿಡಿದರೆ ಅರ್ಧ ದೇಗುಲ ತಪ್ಪಿದ ಹಾಗೆ. ಪೂರ್ವದಿಂದ 160 ಮೀಟರ್ ಉದ್ದದ ಕಲ್ಲುಹಾಸು, ಎರಡೂ ಬದಿ ತಾವರೆ ಮೊಗ್ಗಿನ ತಲೆಯ ಕಂಬಗಳು. ಆಮೇಲೆ ನಾಗಸೇತುವೆ: ಐದು ಹೆಡೆಯ ನಾಗಗಳೇ ಅಂಚಿನ ತಡೆಗೋಡೆ, ನಡುವೆ ನೆಲದಲ್ಲಿ ಎಂಟು ದಳದ ತಾವರೆ ಕೊರೆದಿದೆ. ಅಲ್ಲಿಂದ ಮೇಲಕ್ಕೆ ಕಡಿದಾದ ಮೆಟ್ಟಿಲುಗಳು. ನಡುನಡುವೆ ಜಗಲಿಗಳಿವೆ, ಕೂತು ಹತ್ತಬಹುದು.

ಗರ್ಭಗುಡಿಯ ಮುಂದಿನ ಬಾಗಿಲಲ್ಲಿ ಅವಸರ ಮಾಡಬೇಡಿ, ತಲೆಯೆತ್ತಿ ನಿಲ್ಲಿ. ಮೇಲೆ ಹತ್ತು ಕೈಗಳ ನಟರಾಜ. ಅದರ ಕೆಳಗೆ ಬಾಗಿಲ ಅಡ್ಡಗಲ್ಲಿನಲ್ಲಿ ಅನಂತಶಯನ: ವಿಷ್ಣು ಮಲಗಿದ್ದಾನೆ, ಕಾಲ ಬಳಿ ಲಕ್ಷ್ಮಿ, ಹೊಕ್ಕುಳಿಂದೆದ್ದ ತಾವರೆಯಲ್ಲಿ ಬ್ರಹ್ಮ, ತೀರಾ ಕೆಳಗೆ ಗಿಳಿಗಳು. ಈ ಕಲ್ಲು 1960ರ ದಶಕದಲ್ಲಿ ಕಳುವಾಗಿ ಅಮೆರಿಕದ ಶಿಕಾಗೋ ಮ್ಯೂಸಿಯಂ ಸೇರಿತ್ತು. ಥಾಯ್ ಜನ ಹಟ ಹಿಡಿದು ಕೇಳಿ 1988ರಲ್ಲಿ ವಾಪಸ್ ತರಿಸಿದರು. ಒಡೆದು ಜೋಡಿಸಿದ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಒಳಗೆ ಲಿಂಗವಿದೆ, ಅಭಿಷೇಕದ ನೀರು ಹರಿದುಹೋಗುವ ಕಲ್ಲಿನ ತೋಡೂ ಇದೆ. ಆದರೆ ನಿತ್ಯಪೂಜೆ ಇಲ್ಲ, ಅರ್ಚನೆ, ಪ್ರಸಾದ ಇಲ್ಲ. ಅಮ್ಮನಿಗೆ ಇದನ್ನು ಮುಂಚೆಯೇ ಹೇಳಿಡಿ.

15 ಬಾಗಿಲುಗಳು ಒಂದೇ ಸಾಲಿನಲ್ಲಿವೆ. ಏಪ್ರಿಲ್ 3–5 ಮತ್ತು ಸೆಪ್ಟೆಂಬರ್ 8–10ರ ಆಸುಪಾಸು ಸೂರ್ಯೋದಯ, ಮಾರ್ಚ್ 5–7 ಮತ್ತು ಅಕ್ಟೋಬರ್ 5–7ರ ಆಸುಪಾಸು ಸೂರ್ಯಾಸ್ತ ಎಲ್ಲ ಬಾಗಿಲುಗಳನ್ನೂ ಹಾದು ಕಾಣುತ್ತದೆ. ಅದಕ್ಕೆಂದೇ ದಿನ ಹೊಂದಿಸಿಕೊಂಡು ಹೋಗಿ ಎಂದು ನಾನು ಹೇಳುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಮಳೆಗಾಲ, ಮೋಡ ಮುಚ್ಚಿದರೆ ಮುಗಿಯಿತು. ಏಪ್ರಿಲ್‌ನಲ್ಲಿ ಜನಜಂಗುಳಿ, ಮೇಲೆ ಸುಡು ಬಿಸಿಲು. ನವೆಂಬರ್‌ನಿಂದ ಫೆಬ್ರವರಿ ಹಿತ. ಯಾವ ತಿಂಗಳಾದರೂ ಬೆಳಿಗ್ಗೆ ಎಂಟರೊಳಗೆ ಮೇಲಿರಿ, ಪೂರ್ವದ ಮುಖಕ್ಕೆ ಆಗಲೇ ಬೆಳಕು.

ಬೆಟ್ಟ ಇಳಿದು ಎಂಟು ಕಿಲೋಮೀಟರಿನಲ್ಲಿ ಮುವಾಂಗ್ ತಾಮ್ ಎಂಬ ಇನ್ನೊಂದು ಖ್ಮೇರ್ ದೇಗುಲ. ಇದನ್ನು ಬಿಡಲೇಬೇಡಿ. ಹೊರಗೋಡೆ ಜಂಬಿಟ್ಟಿಗೆ ಕಲ್ಲಿನದು, ಒಳಗೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ನಾಲ್ಕು ಕಲ್ಯಾಣಿಗಳು, ಕಟ್ಟೆಯ ಉದ್ದಕ್ಕೂ ನಾಗನ ಮೈ, ಮೂಲೆಗಳಲ್ಲಿ ಹೆಡೆ. ಈ ಹೆಡೆಗಳನ್ನು ಹತ್ತಿರದಿಂದ ನೋಡಿ: ತಲೆ ನುಣ್ಣಗೆ, ಬೋಳು. ಬೆಟ್ಟದ ಮೇಲಿನ ನಾಗಗಳಿಗೆ ಕಿರೀಟವಿತ್ತಲ್ಲ! ಇದು 11ನೇ ಶತಮಾನದ್ದು, ಅದು 12ನೆಯದು. ನೂರು ವರ್ಷದ ವ್ಯತ್ಯಾಸ ಆ ತಲೆಗಳಲ್ಲೇ ಇದೆ. ಇಟ್ಟಿಗೆಯ ಐದು ಗೋಪುರಗಳಲ್ಲಿ ನಡುವಿನದು ಬಿದ್ದು ಅಡಿಪಾಯ ಮಾತ್ರ ಉಳಿದಿದೆ. ಗೋವರ್ಧನ ಎತ್ತಿದ ಕೃಷ್ಣ, ನಂದಿಯ ಮೇಲಿನ ಉಮಾಮಹೇಶ್ವರ ಅಡ್ಡಗಲ್ಲುಗಳಲ್ಲಿದ್ದಾರೆ.

ಹೊತ್ತಿದ್ದರೆ ವಾಟ್ ಖಾವೋ ಅಂಗ್‌ಖಾನ್‌ಗೆ ಹೋಗಿ. ಅದಿರುವುದೂ ಆರಿದ ಜ್ವಾಲಾಮುಖಿಯ ಮೇಲೆಯೇ, ಕಟ್ಟಡ ಹೊಸದು, ಸುತ್ತ ನಿಂತ ಪ್ರಾಚೀನ ಮರಳುಗಲ್ಲಿನ ಸೀಮಾಶಿಲೆಗಳು (ಪವಿತ್ರ ಜಾಗದ ಗಡಿ ಗುರುತಿಸುವ ಕಲ್ಲುಗಳು) ನೋಡತಕ್ಕವು. ಅದು ಬೌದ್ಧರ ಜೀವಂತ ದೇವಾಲಯ, ಭುಜ, ಮಂಡಿ ಮುಚ್ಚಿರಲಿ.

ಊಟದ ವಿಷಯಕ್ಕೆ ಬರೋಣ. ನಾಂಗ್ ರೋಂಗ್ ಹೆಸರಾಗಿರುವುದು ಹಂದಿ ಕಾಲಿನ ಅಡುಗೆಗೆ, ಹಾಗಾಗಿ ತಯಾರಾಗಿ ಹೋಗಿ. 'ವೆಜ್' ಎಂದರೆ ಸಾಕಾಗದು, ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. 'ಕಿನ್ ಜೇ' ಅನ್ನಿ. ಜೇ ಎಂದರೆ ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ, ನಿಮ್ಮ ಮನೆಯ ಹಿರಿಯರಿಗೆ ಅದೇ ಸರಿ. ಜೊತೆಗೆ 'ಮೈ ಸೈ ನಾಮ್ ಪ್ಲಾ' (ಮೀನಿನ ಸಾಸ್ ಬೇಡ), 'ಮೈ ಸೈ ಪ್ಲಾ ರಾ' (ಹುಳಿಸಿದ ಮೀನು ಬೇಡ) ಇವನ್ನು ಥಾಯ್ ಲಿಪಿಯಲ್ಲಿ ಫೋನಿನಲ್ಲಿ ಬರೆಸಿಟ್ಟು ತೋರಿಸಿ. ಎಲ್ಲೂ ಏನೂ ಸಿಗದಿದ್ದರೆ ಖಾವೋ ನಿಯಾವ್ ಎಂಬ ಅಂಟು ಅನ್ನ, ಸುಟ್ಟ ಬಾಳೆಹಣ್ಣು ಸಿಗುತ್ತದೆ. ಚಟ್ನಿಪುಡಿ ಕಟ್ಟಿಕೊಂಡು ಹೋದರೆ ಅದರಲ್ಲೇ ಊಟ ಮುಗಿಯುತ್ತದೆ.

ಬುಕ್ ಮಾಡುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಪ್ರಾಂತ್ಯದ ದಕ್ಷಿಣ ಅಂಚು ಕಾಂಬೋಡಿಯಾ ಗಡಿ, 2025ರಲ್ಲಿ ಆ ಗಡಿಯಲ್ಲಿ ಗುಂಡಿನ ಕಾಳಗ ನಡೆದಿದೆ. ಹೊರಡುವ ವಾರ ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಯ ಸೂಚನೆ ಓದಿ. ಇನ್ನೊಂದು, ಬುರಿರಾಮ್‌ನಲ್ಲಿ ಮೋಟೋಜಿಪಿ ಬೈಕ್ ರೇಸ್ ನಡೆಯುತ್ತದೆ. ಆ ವಾರಾಂತ್ಯದಲ್ಲಿ ರೂಮ್ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಆ ವರ್ಷದ ರೇಸ್ ದಿನಾಂಕ ನೋಡಿಯೇ ಟಿಕೆಟ್ ಮಾಡಿಸಿ.