ಸ್ಕ್ಯಾನ್‌ನಲ್ಲಿ ಗಂಟಿಲ್ಲ, ಆದರೂ ಕುತ್ತಿಗೆಗೆ ಯಾಕೆ ಆಪರೇಷನ್?

ನಿಮ್ಮ ತಂದೆಯವರ ನಾಲಿಗೆ ಅಂಚಿನಲ್ಲಿ ಎರಡೂವರೆ ಸೆಂಟಿಮೀಟರ್ ಹುಣ್ಣು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ, ಸ್ಕ್ಯಾನ್ ಪ್ರಕಾರ ಕುತ್ತಿಗೆಯಲ್ಲಿ ಏನೂ ಇಲ್ಲ. ಹಾಗಿದ್ದೂ ಕುತ್ತಿಗೆಯ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಯಲೇಬೇಕಾ, ಬದುಕುವ ಸಾಧ್ಯತೆ ಎಷ್ಟು ಅಂತ ಕೇಳಿದ್ದೀರಿ. ಇದೇ ಆಪರೇಷನ್ ಮಾಡುವವನು ನಾನು. ಮೊದಲನೆಯದಕ್ಕೆ ನನ್ನ ಉತ್ತರ: ತೆಗೆಸಿ. ಎರಡನೆಯದಕ್ಕೆ ಈಗಲೇ ಯಾರಾದರೂ ಇಷ್ಟೇ ಪರ್ಸೆಂಟ್ ಅಂದರೆ ಪೂರ್ತಿ ನಂಬಬೇಡಿ.

ನಾಲಿಗೆಯ ಕ್ಯಾನ್ಸರ್ ದುಗ್ಧನಾಳಗಳ (ಈ ಗ್ರಂಥಿಗಳಿಗೆ ಲಿಂಫ್ ದ್ರವ ಒಯ್ಯುವ ಸಣ್ಣ ನಾಳಗಳು) ಮೂಲಕ ಕುತ್ತಿಗೆಗೆ ಬೇಗ ಇಳಿಯುತ್ತದೆ. ಗ್ರಂಥಿಯೊಳಗೆ ಒಂದೆರಡು ಮಿಲಿಮೀಟರ್ ಬೆಳೆದಿರುವುದನ್ನು ಸಿಟಿ, ಎಂಆರ್‌ಐ ಹಿಡಿಯುವುದಿಲ್ಲ. ಪೆಟ್ ಸ್ಕ್ಯಾನನ್ನೂ ನೆಚ್ಚುವಂತಿಲ್ಲ. ಕುತ್ತಿಗೆ ಸ್ವಚ್ಛ ಎಂದು ಕಂಡವರಲ್ಲೂ ನೂರಕ್ಕೆ ಇಪ್ಪತ್ತು-ಮೂವತ್ತು ಮಂದಿಯಲ್ಲಿ ಅಡಗಿ ಕೂತಿರುತ್ತದೆ.

ಹಿಂದೆ ಸರ್ಜನ್‌ಗಳಲ್ಲೇ ಎರಡು ಪಂಗಡ ಇತ್ತು: ಈಗಲೇ ತೆಗೆಯೋಣ ಅನ್ನುವವರು, ಗಂಟು ಕಂಡಮೇಲೆ ನೋಡೋಣ ಅನ್ನುವವರು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ನಿಮ್ಮ ತಂದೆಯಂತಹ ಆರಂಭಿಕ ಹಂತದ ರೋಗಿಗಳನ್ನೇ ಎರಡು ಗುಂಪು ಮಾಡಿ ಹೋಲಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷದ ಹೊತ್ತಿಗೆ ಬದುಕಿದ್ದವರು, ಮೊದಲೇ ತೆಗೆದ ಗುಂಪಿನಲ್ಲಿ ಶೇ. 80, ಕಾದು ನೋಡಿದ ಗುಂಪಿನಲ್ಲಿ ಶೇ. 67.5. ಅಂದರೆ ಹೆಚ್ಚುಕಡಿಮೆ ಎಂಟು ಜನಕ್ಕೆ ಮೊದಲೇ ಮಾಡಿದರೆ ಒಬ್ಬರ ಜೀವ ಹೆಚ್ಚುವರಿಯಾಗಿ ಉಳಿಯುತ್ತದೆ. ನಮ್ಮ ಕ್ಷೇತ್ರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಅಪರೂಪ. ಹುಣ್ಣು 3 ಮಿ.ಮೀ.ಗಿಂತ ಕಡಿಮೆ ಆಳ ಇದ್ದರೆ ಮಾತ್ರ ಈ ಲಾಭ ಅಷ್ಟು ಸ್ಪಷ್ಟವಿಲ್ಲ. ಹಾಗಾಗಿ ಅಗಲದ ಜೊತೆ ಆಳವನ್ನೂ ಕೇಳಿ. 2018ರಿಂದ ಹಂತ ನಿರ್ಧರಿಸುವಾಗ ಆಳವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ನಿಜವಾದ ಅಂದಾಜು ಸಿಗುವುದು ಆಪರೇಷನ್ ನಂತರ, ತೆಗೆದ ಭಾಗವನ್ನು ಪರೀಕ್ಷಿಸಿ ಕೊಡುವ ಪೆಥಾಲಜಿ ವರದಿಯಲ್ಲಿ. ಕತ್ತರಿಸಿದ ಅಂಚಿನಿಂದ ಗಡ್ಡೆಗೆ 5 ಮಿ.ಮೀ. ಅಂತರ ಇದೆಯಾ, ಎಷ್ಟು ಗ್ರಂಥಿಗಳಲ್ಲಿ ಕ್ಯಾನ್ಸರ್ ಸಿಕ್ಕಿತು, ಅದು ಗ್ರಂಥಿಯ ಹೊದಿಕೆ ಒಡೆದು ಹೊರಗೆ ಬಂದಿದೆಯಾ ನೋಡಿ. ಗ್ರಂಥಿಗೆ ತಲುಪಿದ್ದರೆ ಬದುಕುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಂತ ನಾವು ಹೇಳುವುದುಂಟು. ಹೊದಿಕೆ ಒಡೆದಿದ್ದರೆ ಅಥವಾ ಅಂಚಿನಲ್ಲೇ ಕ್ಯಾನ್ಸರ್ ಉಳಿದಿದ್ದರೆ ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಕೀಮೋ ಕೂಡ ಬೇಕಾಗುತ್ತದೆ. ರೇಡಿಯೇಷನ್ ಬೇಕೆಂದಾದರೆ ಆಪರೇಷನ್ ಆದ ಆರು ವಾರದೊಳಗೆ ಶುರುವಾಗಬೇಕು. ಗಾಯ ಒಣಗಲಿ, ಶಕ್ತಿ ಬರಲಿ ಅಂತ ಮನೆಯವರು ಮುಂದೂಡುವುದು ಇಲ್ಲೇ. ರೇಡಿಯೇಷನ್‌ಗೆ ಮೊದಲು ಹಲ್ಲುಗಳನ್ನು ನೋಡಿಸಿಕೊಳ್ಳಬೇಕು, ಅದಕ್ಕೆ ಹಲ್ಲಿನ ಡಾಕ್ಟರಿಗೆ ಈಗಲೇ ತೋರಿಸಿಬಿಡಿ, ಆಮೇಲೆ ಅದಕ್ಕಾಗಿ ದಿನ ಕಳೆಯುವುದು ತಪ್ಪುತ್ತದೆ.

ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಯಾರಾದರೂ ನೆಂಟರು ಖಂಡಿತ ಹೇಳುತ್ತಾರೆ. ಸುಳ್ಳು.

ಕಷ್ಟವೇ ಇಲ್ಲ ಅಂತ ಹೇಳಲಾರೆ. ಭುಜಕ್ಕೆ ಹೋಗುವ ನರವನ್ನು ಉಳಿಸಿದರೂ ಕೆಲವು ತಿಂಗಳು ಕೈ ಎತ್ತಲು ತ್ರಾಸಾಗಬಹುದು; ಫಿಸಿಯೋಥೆರಪಿ ಬಿಡಬಾರದು. ಮೊದಮೊದಲು ಮಾತು ತೊದಲುತ್ತದೆ, ಮೂಗಿನ ನಳಿಕೆಯಲ್ಲೇ ಆಹಾರ. ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ, ಆದ್ದರಿಂದ ಆಗ ಒಂದು ತಪಾಸಣೆಯನ್ನೂ ತಪ್ಪಿಸಬೇಡಿ. ತಂಬಾಕಿನ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ: ಗಾಯ ಮಾಯಲು ಒಳ್ಳೆಯದು, ಬಾಯಿಯ ಬೇರೆ ಜಾಗದಲ್ಲಿ ಹೊಸ ಕ್ಯಾನ್ಸರ್ ಹುಟ್ಟುವ ಅಪಾಯವೂ ಇಳಿಯುತ್ತದೆ.