ಓದಲು ಮನಸ್ಸೇ ಬರ್ತಿಲ್ಲ, ತಪ್ಪು ನನ್ನದಾ?

ಪ್ರಶ್ನೆ: ಬಿಎಸ್ಸಿ ಎರಡನೇ ವರ್ಷದಲ್ಲಿದ್ದೇನೆ. ಪಿಯುಸಿಯಲ್ಲಿ ಫಿಸಿಕ್ಸ್ ಅಂದರೆ ಪ್ರಾಣ. ಈಗ ತರಗತಿಯಲ್ಲಿ ಬರೀ ನೋಟ್ಸ್ ಬರೆಸುತ್ತಾರೆ. ಪುಸ್ತಕ ಮುಟ್ಟಲು ಮನಸ್ಸಾಗಲ್ಲ, ಅಂಕವೂ ಇಳಿದಿದೆ. ಮನೆಯಲ್ಲಿ ಸೋಮಾರಿ ಅನ್ನುತ್ತಾರೆ. ತಪ್ಪು ನನ್ನದಾ, ಪಾಠದ್ದಾ?

ಉತ್ತರ: ಸೋಮಾರಿಗೆ ಈ ಚಿಂತೆಯೇ ಹುಟ್ಟುವುದಿಲ್ಲ. ಮೊದಲು ಆ ಮಾತನ್ನು ತಲೆಯಿಂದ ತೆಗೆಯಿರಿ.

ಪಾಠ ಮಾಡುವ ರೀತಿಗೂ ಅಂಕಕ್ಕೂ ನಂಟು ಇದ್ದೇ ಇದೆ. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ ಬಗ್ಗೆ ನಡೆದ 225 ಅಧ್ಯಯನಗಳನ್ನು 2014ರಲ್ಲಿ ಅಮೆರಿಕದ ಸಂಶೋಧಕರು ಒಟ್ಟಿಗೆ ಇಟ್ಟು ನೋಡಿದರು. ತರಗತಿಯಲ್ಲೇ ಚರ್ಚಿಸಿ, ಲೆಕ್ಕ ಬಿಡಿಸಿ ಕಲಿತವರಿಗಿಂತ ಸುಮ್ನೆ ಕೂತು ಉಪನ್ಯಾಸ ಕೇಳಿದವರು ಫೇಲಾಗುವ ಸಾಧ್ಯತೆ ಒಂದೂವರೆ ಪಟ್ಟು ಇತ್ತು.

ನಾನು ತರಗತಿಯಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ. ಲಾರಿಯೊಂದು ಪುಟ್ಟ ಕಾರಿಗೆ ಡಿಕ್ಕಿ ಹೊಡೆಯಿತು. ಯಾವುದರ ಮೇಲೆ ಬಲ ಜಾಸ್ತಿ ಬಿತ್ತು? ಪ್ರತಿ ಕ್ರಿಯೆಗೂ ಅಷ್ಟೇ ಬಲದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ ಅನ್ನುವ ನ್ಯೂಟನ್ನನ ಮೂರನೇ ನಿಯಮ ಎಲ್ಲರಿಗೂ ಬಾಯಿಪಾಠ. ಆದರೂ ಮುಕ್ಕಾಲು ಕೈಗಳು ‘ಕಾರಿನ ಮೇಲೆ’ ಅನ್ನುತ್ತವೆ. ಉತ್ತರ ಹೇಳದೆ, ‘ಪಕ್ಕದವರನ್ನು ಒಪ್ಪಿಸಿ ನೋಡಿ’ ಅನ್ನುತ್ತೇನೆ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮ ಇದು. ಎರಡೇ ನಿಮಿಷ, ಕೊನೆ ಬೆಂಚಿನವರೂ ಪೆನ್ನು ಬಿಟ್ಟು ಮುಷ್ಟಿಗೆ ಮುಷ್ಟಿ ಗುದ್ದಿಸಿ ನೋಡುತ್ತಿರುತ್ತಾರೆ. ಬಲ ಎರಡಕ್ಕೂ ಒಂದೇ, ಕಾರು ಹಗುರ ಅಂತ ಅದರ ವೇಗ ಹೆಚ್ಚು ಬದಲಾಯಿತು ಎಂದು ಹೊಳೆದಾಗ ಅವರ ಮುಖ ನೋಡಬೇಕು! ಅವರೇನು ಮನೆಯಿಂದ ಆಸಕ್ತಿ ಕಟ್ಟಿಕೊಂಡು ಬಂದಿರಲಿಲ್ಲ. ಅರ್ಥವಾದಾಗ ಅದು ಹುಟ್ಟಿತು. ನಿಮಗೆ ಪಿಯುಸಿಯಲ್ಲಿ ಆಗಿದ್ದೂ ಇದೇ ಅಲ್ವಾ?

ಈಗ ಮೇಷ್ಟ್ರು ಬದಲಾಗಲಿ ಅಂತ ಕಾಯುವಷ್ಟು ಸಮಯ ನಿಮಗಿಲ್ಲ. ಆ ದಿನದ ನೋಟ್ಸನ್ನು ಒಂದು ಸಲ ಓದಿ ಮುಚ್ಚಿಡಿ. ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ, ಆಮೇಲೆ ತೆರೆದು ಹೋಲಿಸಿ. 2006ರ ಒಂದು ಪ್ರಯೋಗದಲ್ಲಿ ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ವಾರದ ನಂತರ ಶೇ 40ರಷ್ಟು ನೆನಪಿತ್ತು. ಒಂದು ಬಾರಿ ಓದಿ, ಮೂರು ಸಲ ನೋಡದೆ ಬರೆದವರಿಗೆ ಶೇ 61. ಶುರುವಿನಲ್ಲಿ ಕಷ್ಟ ಅನ್ನಿಸುತ್ತದೆ, ‘ನನಗೇನೂ ಬರಲ್ಲ’ ಅನ್ನಿಸಿ ಅಳುವೂ ಬರಬಹುದು. ದಯವಿಟ್ಟು ಬಿಡಬೇಡಿ, ಕಲಿಕೆ ನಡೆಯುವುದೇ ಅಲ್ಲಿ.

ಹೋಲಿಸಿದಾಗ ಸಿಕ್ಕಿಬಿದ್ದ ಜಾಗವನ್ನು ಚೀಟಿಯಲ್ಲಿ ಬರೆದು ಮೇಷ್ಟ್ರಿಗೆ ತೋರಿಸಿ. ‘ಸಾರ್, ಅರ್ಥ ಆಗ್ಲಿಲ್ಲ’ ಅನ್ನುವುದಕ್ಕಿಂತ ‘ಸಾರ್, ಈ ಮೈನಸ್ ಚಿಹ್ನೆ ಎಲ್ಲಿಂದ ಬಂತು?’ ಅಂತ ಕೇಳಿ. ನೋಟ್ಸ್ ಬರೆಸುವ ಮೇಷ್ಟ್ರೂ ಅಂಥ ಪ್ರಶ್ನೆಗೆ ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.