ಯಾವ ಸಿಮ್ ಒಳ್ಳೇದು ಅಂತ ಕೇಳಿದ್ದೀರಿ

ಮಳೆ ಶುರುವಾದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ನೆಟ್‌ವರ್ಕ್ ಪುರಾಣವೇ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದನ್ನೇ ಎತ್ತಿಕೊಂಡಿದ್ದೇನೆ. ಒಂದೇ ಥರದ ಪತ್ರಗಳು ಬಹಳ ಇದ್ದವು, ಅವನ್ನು ಸೇರಿಸಿ ಒಂದೊಂದು ಮಾಡಿದ್ದೇನೆ. ನಿಮ್ಮದೇ ಮಾತು ಕಾಣಲಿಲ್ಲ ಅಂತ ಬೇಜಾರು ಬೇಡ.

ಪ್ರಶ್ನೆ: ನಮ್ಮ ಮನೆ ತೋಟದ ತಗ್ಗಿನಲ್ಲಿದೆ, ಸುತ್ತ ಗುಡ್ಡ. ಈಗಿರುವ ಸಿಮ್‌ಗೆ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್. ಬೆಂಗಳೂರಲ್ಲಿರುವ ಮಗ ಜಿಯೋ ತಗೋ ಅಂತಾನೆ. ಪಕ್ಕದ ಮನೆಯವರು ಬಿಎಸ್‌ಎನ್‌ಎಲ್ಲೇ ಸೈ ಅಂತಾರೆ. ಪೇಟೆಯ ಮೊಬೈಲ್ ಅಂಗಡಿಯವರು ಏರ್‌ಟೆಲ್ ಹಾಕಿಸಿ ಅಂತಾರೆ. ಯಾರ ಮಾತು ಕೇಳಲಿ?
(ಅಡಿಕೆ ಬೆಳೆಗಾರರು, ಸಾಗರ ತಾಲೂಕು)

ಉತ್ತರ: ಮಗನ ಮಾತಂತೂ ಬೇಡ. ಅವನು ಹೇಳುತ್ತಿರುವುದು ಬೆಂಗಳೂರಿನ ಟವರಿನ ಸುದ್ದಿ. ಅಂಗಡಿಯವರಿಗೆ ಕಮಿಷನ್ ಲೆಕ್ಕವೂ ಇರುತ್ತದೆ. ಪಕ್ಕದ ಮನೆಯವರ ಮಾತಿಗೆ ಬೆಲೆ ಇದೆ, ಆದರೆ ಅವರ ಮನೆ ನಿಮ್ಮದಕ್ಕಿಂತ ಇಪ್ಪತ್ತಡಿ ಮೇಲಿದ್ದರೆ ಅದೂ ಪೂರ್ತಿ ನಡೆಯುವುದಿಲ್ಲ.

ನಮ್ಮ ಅತ್ತೆಯ ಮನೆ ಹೊಸನಗರದ ಕಡೆ. ಅಲ್ಲಿ ಅಡುಗೆಮನೆ ಕಿಟಕಿಯ ಸರಳಿಗೆ ಒಂದು ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದ್ದಾರೆ, ಫೋನಿನ ವಾಸ ಅದರಲ್ಲೇ. ರಿಂಗಾದರೆ ಸ್ಪೀಕರ್ ಒತ್ತಿ, ದೋಸೆ ಮಗುಚುತ್ತಲೇ ಕೂಗಿ ಕೂಗಿ ಮಾತಾಡುತ್ತಾರೆ. ಕೊಟ್ಟೆಯಿಂದ ತೆಗೆದು ಕಿವಿಗಿಟ್ಟುಕೊಂಡರೆ ಮುಗೀತು, ಕಟ್. ಮನೆಯ ಗುಟ್ಟೆಲ್ಲ ಅಂಗಳದಲ್ಲಿ ಅಡಿಕೆ ಸುಲಿಯುವವರಿಗೂ ಗೊತ್ತು. ಹೋದ ಸಲ ಹೋದಾಗ ಸುಮ್ನೆ ಅಳೆದು ನೋಡಿದೆ. ಕೊಟ್ಟೆಯಲ್ಲಿ ಮೈನಸ್ 108 ಇತ್ತು, ನಾಲ್ಕು ಹೆಜ್ಜೆ ಒಳಗೆ ಒಲೆಯ ಹತ್ತಿರ ಮೈನಸ್ 119.

ಈ ಅಂಕಿ ಏನು ಅಂತ ಕೇಳ್ತೀರಿ ಅಲ್ವಾ. ಇದು ಡಿಬಿಎಂ, ಸಿಗ್ನಲ್‌ನ ನಿಜವಾದ ಅಳತೆ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅಂತ ಒಂದೊಂದು ಫೋನ್ ಕಂಪನಿಯದು ಒಂದೊಂದು ಲೆಕ್ಕ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಅಂತ ಹುಡುಕಿದರೆ ಸಾಮಾನ್ಯವಾಗಿ ಈ ಅಂಕಿ ಸಿಗುತ್ತದೆ. ಮೈನಸ್ ಇರುವುದರಿಂದ ಚಿಕ್ಕ ಅಂಕಿಯೇ ಒಳ್ಳೆಯದು. 4ಜಿಯಲ್ಲಿ 80ರ ಆಸುಪಾಸು ಇದ್ದರೆ ಭರ್ಜರಿ. 100ರ ತನಕ ತೊಂದರೆ ಇಲ್ಲ. 110 ದಾಟಿದರೆ ಮಾತು ತುಂಡಾಗಲು ಶುರು, 120ಕ್ಕೆ ಆಸೆ ಬಿಡಿ.

ಇನ್ನು ಸಿಮ್ ಆರಿಸುವ ಕೆಲಸ. ಮುಂದಿನ ಸಲ ಮನೆಯಲ್ಲಿ ಸತ್ಯನಾರಾಯಣ ಪೂಜೆಯೋ ಶ್ರಾದ್ಧವೋ ಇದ್ದಾಗ ಬಂದ ನೆಂಟರ ಫೋನುಗಳನ್ನು ಒಂದೈದು ನಿಮಿಷ ಇಸಿದುಕೊಳ್ಳಿ. ಮೂರು ನಾಲ್ಕು ಕಂಪನಿಯ ಸಿಮ್ ಹೇಗೂ ಇರುತ್ತದೆ. ಜಗಲಿ, ನಡುಮನೆ, ಮಲಗುವ ಕೋಣೆ, ಕೊಟ್ಟಿಗೆ, ಎಲ್ಲ ಕಡೆ ಹಿಡಿದುಕೊಂಡು ಓಡಾಡಿ, ಅಂಕಿ ಬರೆದಿಟ್ಟುಕೊಳ್ಳಿ, ಒಂದೊಂದರಿಂದ ಒಂದೊಂದು ಕಾಲ್ ಕೂಡ ಮಾಡಿ ನೋಡಿ. ಊಟಕ್ಕೆ ಎಲೆ ಹಾಕುವುದರೊಳಗೆ ಕೆಲಸ ಮುಗಿಯುತ್ತದೆ. ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ. ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಕವರೇಜ್ ನಕ್ಷೆ ಹಾಕಬೇಕು ಅಂತ ಮೊಬೈಲ್ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್ ಹೇಳಿದ ಮೇಲೆ ಆ ನಕ್ಷೆಗಳೂ ಬಂದಿವೆ, ನೋಡಿ, ನೋಡಬೇಡಿ ಅನ್ನುವುದಿಲ್ಲ. ಆದರೆ ನಿಮ್ಮ ಮನೆಯ ಕಲ್ಲಿನ ಗೋಡೆ, ಮಾಡಿನ ತಗಡು, ಹಿಂದಿನ ಗುಡ್ಡದ ಮರ ಇವೆಲ್ಲ ನಕ್ಷೆಗೆ ಎಲ್ಲಿ ಕಾಣಬೇಕು?

ಕಂಪನಿ ಕಂಪನಿಗೆ ಯಾಕೆ ಇಷ್ಟು ವ್ಯತ್ಯಾಸ ಅಂದರೆ, ಮೊದಲನೇದು ಟವರ್ ಎಲ್ಲಿದೆ ಅನ್ನುವುದು, ಎರಡನೇದು ಯಾವ ತರಂಗ ಅನ್ನುವುದು. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗ ದೂರ ಹೋಗುತ್ತದೆ, ಗೋಡೆ ತೂರುತ್ತದೆ, ಗುಡ್ಡದ ಅಂಚಿನಲ್ಲಿ ಚೂರು ಬಗ್ಗಿಯೂ ಬರುತ್ತದೆ. 2300, 3500ರಂಥದ್ದಕ್ಕೆ ವೇಗ ಜಾಸ್ತಿ, ಆದರೆ ಬೇಗ ಸುಸ್ತು. ಜಿಯೋ 4ಜಿಗೆ 850 ಬಳಸುತ್ತದೆ, ಏರ್‌ಟೆಲ್ 900, ಬಿಎಸ್‌ಎನ್‌ಎಲ್ 700. ಅಂದರೆ ಎಲ್ಲರ ಕೈಯಲ್ಲೂ ದೂರದ ತರಂಗ ಇದೆ. ನಿಮ್ಮ ಗುಡ್ಡದಾಚೆಯ ಟವರಿಗೆ ಅದನ್ನು ಹಾಕಿದ್ದಾರಾ, ಆ ಟವರ್ ನಿಮ್ಮ ಮಾಡಿಗೆ ನೇರ ಕಾಣುತ್ತದಾ, ಅಷ್ಟೇ ಪ್ರಶ್ನೆ.

ಇನ್ನೊಂದು ಮಾತು, ಇದು ಬಹಳ ಜನ ಎಡವುವ ಜಾಗ. ಒಂದು ಹೋದರೆ ಇನ್ನೊಂದು ಇರಲಿ ಅಂತ ಎರಡು ಕಂಪನಿಯ ಸಿಮ್ ಇಟ್ಟುಕೊಳ್ಳುತ್ತೀರಿ. ಆದರೆ ಎರಡು ಕಂಪನಿಯ ಆಂಟೆನಾ ಒಂದೇ ಟವರಿನಲ್ಲಿ ನೇತಾಡುವುದು ಈಗ ಮಾಮೂಲಿ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು, ಬ್ಯಾಟರಿ ಮುಗಿಯಿತು, ಜನರೇಟರ್‌ಗೆ ಡೀಸೆಲ್ ಹಾಕುವವರು ಬರಲಿಲ್ಲ ಅಂದರೆ ಎರಡೂ ಒಟ್ಟಿಗೇ ಸತ್ತವು. ಹಾಗಾಗಿ ಎರಡನೇ ಸಿಮ್ ಬೇರೆ ಟವರಿನದ್ದಾಗಿರಲಿ. ದೂರಸಂಪರ್ಕ ಇಲಾಖೆಯ ತರಂಗ ಸಂಚಾರ್ ಅನ್ನೋ ಪೋರ್ಟಲ್‌ನಲ್ಲಿ ಹತ್ತಿರದ ಟವರುಗಳನ್ನು ನಕ್ಷೆಯಲ್ಲಿ ನೋಡಬಹುದು. ಅದೂ ಬೇಡ ಅಂದರೆ ಲೈನ್‌ಮ್ಯಾನ್‌ನ ಕೇಳಿ, ಯಾವ ಟವರಿಗೆ ಯಾವ ಫೀಡರ್‌ನಿಂದ, ಅಂದರೆ ಯಾವ ಲೈನಿನಿಂದ, ಕರೆಂಟ್ ಅಂತ ಅವರಿಗೆ ಬಾಯಿಪಾಠ.

ನಿಮ್ಮ ಕಡೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ಇಷ್ಟು ತಲೆನೋವೇ ಬೇಡ. ವೈಫೈ ಕಾಲಿಂಗ್ ಆನ್ ಮಾಡಿ. ಏರ್‌ಟೆಲ್ 2019ರ ಕೊನೆಯಲ್ಲಿ, ಜಿಯೋ 2020ರ ಶುರುವಿನಲ್ಲಿ ಇದನ್ನು ಕೊಟ್ಟವು. ಟವರ್ ಒಂದು ಕಡ್ಡಿಯೂ ಇಲ್ಲದಿದ್ದರೂ ಮಾಮೂಲಿ ನಂಬರಿಗೇ ಕಾಲ್ ಬರುತ್ತದೆ, ಹೋಗುತ್ತದೆ. ಕರೆಂಟ್ ಹೋದಾಗ ರೂಟರ್‌ಗೆ ಇನ್ವರ್ಟರ್ ಇರಲಿ.

ಪ್ರಶ್ನೆ: ನಾವಿರೋದು ಬೆಂಗಳೂರಿನಲ್ಲಿ, ಹದಿನೆಂಟನೇ ಮಹಡಿ. ಫೋನಲ್ಲಿ 5ಜಿ ಕಡ್ಡಿ ಫುಲ್. ಆದರೂ ಸಂಜೆ ಕೆಳಗಿಳಿದು ತರಕಾರಿ ತಗೊಂಡರೆ ಯುಪಿಐ ಸುತ್ತುತ್ತಾನೇ ಇರುತ್ತೆ, ಮನೆ ಒಳಗೆ ಮಾತು ಕಚಕಚ. ಕಂಪನಿ ಬದಲಾಯಿಸಲಾ?
(ಗೃಹಿಣಿ, ಬೆಂಗಳೂರು)

ಉತ್ತರ: ಇವು ಎರಡು ಬೇರೆ ಬೇರೆ ಕಾಯಿಲೆ. ಕೆಳಗಿನದ್ದು ಜನಜಂಗುಳಿ. ದರ್ಶಿನಿಯ ಬೋರ್ಡು ಝಗಮಗ ಅಂತ ಕಾಣುತ್ತದೆ ಅಂತ ದೋಸೆ ಬೇಗ ಬರುತ್ತದಾ? ಟೋಕನ್ ಹಿಡಿದು ಮುಂದೆ ನಲವತ್ತು ಜನ ನಿಂತಿರುತ್ತಾರಲ್ಲ. ಕಡ್ಡಿ ಅಂದರೆ ಆ ಬೋರ್ಡು ಅಷ್ಟೇ, ಸಾಲು ಎಷ್ಟು ಉದ್ದ ಅಂತ ಅದು ಹೇಳುವುದಿಲ್ಲ. ಸಂಜೆ ಏಳಕ್ಕೆ ಇಡೀ ಏರಿಯಾ ಅದೇ ಟವರಿನ ಮೇಲೆ ಬಿದ್ದಿರುತ್ತದೆ. ಆಗ ಸೆಟ್ಟಿಂಗ್ಸ್‌ನಲ್ಲಿ 5ಜಿ ಬಿಟ್ಟು 4ಜಿಗೆ ಇಳಿದು ನೋಡಿ, ಎಷ್ಟೋ ಸಲ ಯುಪಿಐ ತಟ್ಟಂತ ಹೋಗುತ್ತದೆ. ಇಲ್ಲದಿದ್ದರೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ. ಗಾಡಿಯವರು ಕಾಯುತ್ತಾರೆ ಬಿಡಿ, ಅವರಿಗೆ ದಿನಾ ಇದೇ.

ಮೇಲಿನದ್ದು ಎತ್ತರದ ತಾಪತ್ರಯ. ಟವರಿನ ಆಂಟೆನಾಗಳು ಸಾಮಾನ್ಯವಾಗಿ ಸ್ವಲ್ಪ ಕೆಳಕ್ಕೆ, ರಸ್ತೆಯ ಕಡೆ ಬಗ್ಗಿರುತ್ತವೆ. ಹದಿನೆಂಟನೇ ಮಹಡಿಗೆ ಹತ್ತಾರು ದೂರದ ಟವರುಗಳು ಒಟ್ಟಿಗೇ ಕೇಳಿಸುತ್ತವೆ, ಒಂದೂ ಸ್ಪಷ್ಟ ಇಲ್ಲ. ಫೋನ್ ಒಂದರಿಂದ ಇನ್ನೊಂದಕ್ಕೆ ಹಾರುತ್ತಾ ಇರುತ್ತದೆ. ಕಿಟಕಿಗೆ ಬಿಸಿಲು ತಡೆಯುವ ಗಾಜು ಹಾಕಿಸಿದ್ದರೆ ಅದರ ಲೋಹದ ಲೇಪನವೂ ಸಿಗ್ನಲ್‌ನ ತಿನ್ನುತ್ತದೆ. ಮನೆಯಲ್ಲಿ ವೈಫೈ ಇದೆಯಲ್ಲ, ವೈಫೈ ಕಾಲಿಂಗ್ ಹಾಕಿಕೊಳ್ಳಿ. ಕಂಪನಿ ಬದಲಾಯಿಸುವುದು ಆಮೇಲೆ. ಲಿಫ್ಟ್, ನೆಲಮಾಳಿಗೆ ಪಾರ್ಕಿಂಗಿನಲ್ಲಿ ಬರದಿದ್ದರೆ ಅದು ಅಸೋಸಿಯೇಷನ್ ಮೀಟಿಂಗಿನಲ್ಲಿ ಎತ್ತಬೇಕಾದ ಮಾತು. ಕಟ್ಟಡದೊಳಗೆ ಆಂಟೆನಾ ಹಾಕಲು ಕಂಪನಿಗಳನ್ನು ಅವರೇ ಕರೆಸಬೇಕು.

ಪ್ರಶ್ನೆ: 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಬಿಎಸ್‌ಎನ್‌ಎಲ್‌ಗೆ ಬಂದೆ. ನನ್ನ ಫೋನಿಗೆ 4ಜಿ ಹತ್ತುವುದೇ ಇಲ್ಲ. ಅದೇ ಸಿಮ್ ಅಕ್ಕನ ಫೋನಿಗೆ ಹಾಕಿದರೆ ಬರುತ್ತೆ!
(ವಿದ್ಯಾರ್ಥಿ, ಶಿರಸಿ)

ಉತ್ತರ: ಅರ್ಧ ಉತ್ತರ ನೀವೇ ಬರೆದಿದ್ದೀರಿ. ಸಿಮ್ ಸರಿ ಇದೆ, ತೊಂದರೆ ಫೋನಿನದು. ಬಿಎಸ್‌ಎನ್‌ಎಲ್ 4ಜಿ ಮುಖ್ಯವಾಗಿ ಬ್ಯಾಂಡ್ 28 ಮತ್ತು ಬ್ಯಾಂಡ್ 1ರಲ್ಲಿ ಬರುತ್ತದೆ, ಅಂದರೆ 700 ಮತ್ತು 2100 ಮೆಗಾಹರ್ಟ್ಸ್. ಹಳೆಯ ಕಡಿಮೆ ಬೆಲೆಯ ಎಷ್ಟೋ ಫೋನುಗಳಿಗೆ ಬ್ಯಾಂಡ್ 28 ಇರುವುದೇ ಇಲ್ಲ. ನಿಮ್ಮ ಮಾಡೆಲ್ ಹೆಸರು ಹಾಕಿ ಬ್ಯಾಂಡ್ ಪಟ್ಟಿ ನೋಡಿ. ಹೊಸದು ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮೊದಲು ಇದನ್ನು ಕೇಳಿ. ಅಂಗಡಿಯವರು ಕಣ್ಣು ಕಣ್ಣು ಬಿಟ್ಟರೂ ಪರವಾಗಿಲ್ಲ. ವೋಲ್ಟಿ, ಅಂದರೆ 4ಜಿಯಲ್ಲೇ ಮಾತಾಡುವ ಸೌಲಭ್ಯ, ಇದೆಯಾ ಅಂತಲೂ ನೋಡಿಕೊಳ್ಳಿ, ಇಲ್ಲದಿದ್ದರೆ ಕಾಲ್ ಬಂದಾಗ ಫೋನ್ 4ಜಿಯಿಂದ ಕೆಳಕ್ಕೆ ಇಳಿದುಬಿಡುತ್ತದೆ. ಜಿಯೋ 4ಜಿ ಶುರುವಾದದ್ದು 2016ರಲ್ಲಿ, ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ದೇಶಕ್ಕೆಲ್ಲ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್‌ನಲ್ಲಿ. ತಡವಾಯಿತು, ಆದರೆ ಬೇರೆ ಯಾರೂ ಟವರ್ ಹಾಕದ ಊರುಗಳಲ್ಲಿ ಅದನ್ನೇ ನಂಬಿದವರು ಇನ್ನೂ ಇದ್ದಾರೆ, ನಾನು ಅವರನ್ನು ನಗುವವನಲ್ಲ.

ಪ್ರಶ್ನೆ: ಅಮ್ಮನ ಹಳೇ ಬಟನ್ ಫೋನಿಗೆ ನನ್ನ ಜಿಯೋ ಸಿಮ್ ಹಾಕಿದೆ. ಸತ್ತಂತೆ ಬಿದ್ದಿದೆ.
(ಓದುಗರು, ದಾವಣಗೆರೆ)

ಉತ್ತರ: ಹಳೇ ಬಟನ್ ಫೋನು ನಡೆಯುವುದು 2ಜಿಯಲ್ಲಿ, ಜಿಯೋಗೆ 2ಜಿಯೇ ಇಲ್ಲ. ಅದಕ್ಕೆ ಏರ್‌ಟೆಲ್, ವಿಐ (ವೊಡಾಫೋನ್ ಐಡಿಯಾ), ಬಿಎಸ್‌ಎನ್‌ಎಲ್ ಆಗುತ್ತದೆ. ಜಿಯೋನೇ ಬೇಕು ಅಂದರೆ 4ಜಿ ಬಟನ್ ಫೋನ್ ತಂದುಕೊಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಸಿಗ್ನಲ್ ಬೂಸ್ಟರ್ ಮಾರುತ್ತಾರೆ. ಮಾಡಿನ ಮೇಲೆ ಆಂಟೆನಾ, ಒಳಗೆ ಡಬ್ಬ. ಹಾಕಿಸಬಹುದಾ?
(ಹೋಂಸ್ಟೇ ನಡೆಸುವವರು, ಚಿಕ್ಕಮಗಳೂರು)

ಉತ್ತರ: ಬೇಡ. ಅನುಮತಿ ಇಲ್ಲದೆ ಖಾಸಗಿಯವರು ಬೂಸ್ಟರ್ ಇಡುವುದು ಕಾನೂನುಬಾಹಿರ. ಮಾರುತ್ತಾರೆ ಅಂದ ಮಾತ್ರಕ್ಕೆ ಹಾಕಬಹುದು ಅಂತಲ್ಲ. ನಿಮ್ಮ ಡಬ್ಬ ಟವರಿನ ಕಡೆಗೆ ಗಲಾಟೆ ಎಬ್ಬಿಸಿ ಸುತ್ತಲಿನವರ ಸಿಗ್ನಲ್ಲನ್ನೂ ಕೆಡಿಸುತ್ತದೆ. ಸಿಗ್ನಲ್ ಸಿಗದ ಹೋಂಸ್ಟೇ ಅಂತಲೇ ಬೋರ್ಡು ಹಾಕಿ, ಅದಕ್ಕೇ ದುಡ್ಡು ಕೊಟ್ಟು ಬರುವವರಿದ್ದಾರೆ.

ಪ್ರಶ್ನೆ: ಮನೆ ಮಂಜೇಶ್ವರ, ಕೆಲಸ ಮಂಗಳೂರು. ನಂಬರ್ ಕೇರಳದ್ದು. ಕರ್ನಾಟಕಕ್ಕೆ ಪೋರ್ಟ್ ಮಾಡಿಸಿದರೆ ಸಿಗ್ನಲ್ ಸುಧಾರಿಸುತ್ತದಾ?
(ಬ್ಯಾಂಕ್ ಉದ್ಯೋಗಿ, ಕಾಸರಗೋಡು ಜಿಲ್ಲೆ)

ಉತ್ತರ: ಇಲ್ಲ. ತಲಪಾಡಿ ದಾಟಿದ ಮೇಲೂ ನಿಮ್ಮ ಫೋನ್ ಹಿಡಿಯುವುದು ಅಲ್ಲಿನ ಅದೇ ಕಂಪನಿಯ ಟವರನ್ನು. ಈಗಿನ ಪ್ಯಾಕುಗಳಲ್ಲಿ ರೋಮಿಂಗ್ ದುಡ್ಡೂ ಇಲ್ಲ. ಕಸ್ಟಮರ್ ಕೇರ್ ಕನ್ನಡದಲ್ಲಿ ಮಾತಾಡಲಿ ಅನ್ನುವ ಆಸೆ ಇದ್ದರೆ ಬೇರೆ ಮಾತು. ಕಂಪನಿಯನ್ನೇ ಬದಲಾಯಿಸುವುದಾದರೆ ಇಂಗ್ಲಿಷಿನಲ್ಲಿ PORT ಅಂತ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಮೆಸೇಜ್ ಮಾಡಿ. ಬಂದ ಕೋಡ್ ನಾಲ್ಕು ದಿನ ನಡೆಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಒಂದೇ ಸರ್ಕಲ್ (ಕರ್ನಾಟಕ, ಕೇರಳದಂಥ ಟೆಲಿಕಾಂ ವಲಯ) ಒಳಗೆ ಮೂರು ಕೆಲಸದ ದಿನ, ಬೇರೆ ಸರ್ಕಲ್‌ಗೆ ಐದು.

ಪ್ರಶ್ನೆ: ನಮ್ಮೂರಿಗೆ ಒಂದೇ ಟವರ್. ಮಳೆಗೆ ಮೂರು ದಿನ ಮಲಗಿತ್ತು. 24 ಗಂಟೆ ದಾಟಿದರೆ ಪರಿಹಾರ ಅಂತ ಓದಿದ್ದೆ, ಸಿಗುತ್ತದಾ?
(ಪಂಚಾಯ್ತಿ ಸದಸ್ಯರು, ಬೆಳ್ತಂಗಡಿ ತಾಲೂಕು)

ಉತ್ತರ: ಓದಿದ್ದು ನಿಜ, ಆದರೆ ಟ್ರಾಯ್ ನಿಯಮದ ಆ ಪರಿಹಾರ ಜಿಲ್ಲಾ ಮಟ್ಟದಲ್ಲಿ ಸೇವೆ ನಿಂತಾಗ. ಒಂದೂರಿನ ಒಂದು ಟವರ್ ಮಲಗಿದರೆ ಲೆಕ್ಕಕ್ಕಿಲ್ಲ. ನನಗೂ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ, ಏಕೆಂದರೆ ಜಿಲ್ಲೆ ಪೂರ್ತಿ ಹೋಗುವುದು ಅಪರೂಪ, ಒಂದು ಟವರ್ ಹೋಗುವುದು ಪ್ರತಿ ಮಳೆಗಾಲ. ಆದರೂ ದೂರು ಬಿಡಬೇಡಿ. ಮೊದಲು ಕಸ್ಟಮರ್ ಕೇರ್‌ನಲ್ಲಿ ದೂರಿನ ನಂಬರ್ ಪಡೆಯಿರಿ, ಆಗಲಿಲ್ಲ ಅಂದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ, ಆಮೇಲೆ ದೂರಸಂಪರ್ಕ ಇಲಾಖೆಗೆ. ಟ್ರಾಯ್‌ಗೆ ಬರೆದು ಕೂರಬೇಡಿ, ಒಬ್ಬೊಬ್ಬರ ದೂರನ್ನು ಅದು ನೋಡುವುದಿಲ್ಲ. ನೀವು ಸದಸ್ಯರು ಅಂದಮೇಲೆ ಪಂಚಾಯ್ತಿಯ ನಿರ್ಣಯ ಮಾಡಿ ಸಂಸದರಿಗೆ, ಜಿಲ್ಲಾಧಿಕಾರಿಗೆ ಕಳಿಸಿ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಲ್ಲಿ ರಸ್ತೆ ಬದಿ ಕೂತು ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಾಗ ಅಪ್ಪ ಕೊಡೆ ಹಿಡಿದು ನಿಂತಿದ್ದ ಚಿತ್ರ ನೆನಪಿದೆಯಾ? ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ ಅಂತ ಮಲೆನಾಡಿನ ಜನ ಬ್ಯಾನರ್ ಕಟ್ಟಿದ್ದೂ ಆಗಲೇ. ಇನ್ನೊಂದು ವಿಚಾರಿಸಿ. ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ದುಡ್ಡಲ್ಲಿ ಎದ್ದ 4ಜಿ ಟವರುಗಳನ್ನು ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಹಂಚಿಕೊಳ್ಳುವ ವ್ಯವಸ್ಥೆ 2025ರ ಜನವರಿಯಿಂದ ಶುರುವಾಗಿದೆ. ಪಕ್ಕದೂರಿನ ಟವರ್ ಅಂಥದ್ದಾಗಿದ್ದರೆ ನಿಮ್ಮ ಸಿಮ್ ಬೇರೆ ಕಂಪನಿಯದ್ದಾದರೂ ಹತ್ತಬಹುದು. ಇನ್ನು ತುರ್ತಿಗೆ 112 ಒತ್ತಿದರೆ ಯಾವ ಕಂಪನಿಯ ಟವರ್ ಸಿಕ್ಕರೂ ಹೋಗುತ್ತದೆ, ಮನೆಯಲ್ಲಿ ವಯಸ್ಸಾದವರಿಗೆ ಇದನ್ನು ಹೇಳಿಡಿ.

ಪ್ರಶ್ನೆ: ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೋಗುತ್ತಾ ಆಫೀಸ್ ಮೀಟಿಂಗ್ ಮಾಡಬೇಕು. ಘಟ್ಟದಲ್ಲಿ ಯಾವ ಸಿಮ್ ನಡೆಯುತ್ತೆ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಯಾವುದೂ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ. ಒಂದರಿಂದ ಹೊರಬಂದು ಹಲೋ ಅನ್ನುವುದರೊಳಗೆ ಇನ್ನೊಂದು. ಮೀಟಿಂಗ್ ಹಾಸನದೊಳಗೆ ಮುಗಿಸಿಕೊಳ್ಳಿ, ಆಮೇಲೆ ಸಿಗಲ್ಲ ಅಂತ ಬಾಸ್‌ಗೆ ಮೊದಲೇ ಹೇಳಿ, ಕಿಟಕಿ ಪಕ್ಕದ ಸೀಟ್ ಹಿಡಿಯಿರಿ.